ಠಾಣೆಯಲ್ಲಿ ಏಳದೆ ಕೂತ ದಿನ

ಲೋಕಲ್ ರೈಲಿನಲ್ಲಿ ದಿನಪತ್ರಿಕೆ ಓದುವುದಕ್ಕೆ ಮಡಿಚುವ ವಿದ್ಯೆಯೊಂದು ಗೊತ್ತಿರಬೇಕು. ಮನೆಯ ಜಗಲಿಯಲ್ಲಿ ಕೂತು ಎರಡೂ ತೋಳು ಚಾಚಿ ಪುಟ ತಿರುವುವವರಿಗೆ ಅದರ ಗೋಜಿಲ್ಲ. ಮೊದಲು ಉದ್ದಕ್ಕೆ ಎರಡಾಗಿ, ಆಮೇಲೆ ಅಡ್ಡಕ್ಕೆ ಎರಡಾಗಿ, ಮತ್ತೊಮ್ಮೆ ಉದ್ದಕ್ಕೆ ಮಡಿಚಿ, ಅಂಗೈಯಗಲದ ಆ ಕಟ್ಟನ್ನು ಎದೆಗೆ ಆನಿಸಿಕೊಂಡು, ಪಕ್ಕದವನ ಮೊಣಕೈಗೂ ಎದುರಿನವನ ಮೂಗಿಗೂ ತಾಗದಂತೆ ಒಂದೊಂದೇ ಕಾಲಮ್ಮನ್ನು ಮಗುಚುತ್ತಾ ಹೋಗಬೇಕು. ಡೊಂಬಿವಲಿಯಿಂದ ಮುಂಬಯಿಯ ಬೋರಿಬಂದರಿನವರೆಗೆ ಹೋಗುವಷ್ಟರಲ್ಲಿ ದೆಹಲಿಯ ಸಂಸತ್ತು, ಅಸ್ಸಾಮಿನ ನೆರೆ, ಸಕ್ಕರೆಯ ದರ, ಕೊನೆಗೆ ತೀರಿಕೊಂಡವರ ಪಟ್ಟಿ, ಎಲ್ಲವೂ ಬೆರಳಿನ ಸಂದಿಯಲ್ಲಿ ಹಾದುಹೋಗುತ್ತಿದ್ದವು. ಈ ವಿದ್ಯೆಯಲ್ಲಿ ನಾನು ಪಳಗಿದವನಾಗಿದ್ದೆ. ಒಂದು ಸಲಕ್ಕೆ ಒಂದು ಕಾಲಮ್ಮಷ್ಟೇ ಕಾಣುತ್ತದೆಂಬುದು, ಉಳಿದದ್ದೆಲ್ಲ ಮಡಿಕೆಯೊಳಗೇ ಇರುತ್ತದೆಂಬುದು ಆಗ ನನಗೆ ಒಂದು ಕೊರತೆಯೆಂದು ತೋರಿರಲಿಲ್ಲ.

ಅಭಿಪ್ರಾಯಗಳ ವಿಷಯದಲ್ಲಿ ಮಾತ್ರ ನನಗೆ ಯಾವ ಕೊರತೆಯೂ ಇರಲಿಲ್ಲ. ಉಡುಪಿಯ ಕಡೆಯಿಂದ ಬಂದು, ಕೋಟೆ ಪ್ರದೇಶದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ಡೊಂಬಿವಲಿಯ ಚಾಳಿನ ಒಂದೂವರೆ ಕೋಣೆಯಲ್ಲಿ ಸಂಸಾರ ಹೂಡಿದ್ದ ನನ್ನ ಮಾತನ್ನು ಕಚೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಸುಮತಿ ಕೇಳಿದಂತೆ ಮಾಡುತ್ತಿದ್ದಳು. ಹಾಗಾಗಿ ನನ್ನ ರಾಜ್ಯಭಾರವೆಲ್ಲ ನಡೆಯುತ್ತಿದ್ದದ್ದು ಬೆಳಗಿನ ಎಂಟು ಹದಿಮೂರರ ಫಾಸ್ಟ್ ಲೋಕಲಿನ ನಡುವಿನ ಡಬ್ಬಿಯ ಮರದ ಬೆಂಚಿನ ಮೇಲೆ. ಬ್ಯಾಂಕುಗಳ ರಾಷ್ಟ್ರೀಕರಣ ಸರಿಯೋ ತಪ್ಪೋ, ಪೋಖರಣದ ಅಣುಸ್ಫೋಟ ಬೇಕಿತ್ತೋ ಬೇಡವೋ, ರೈಲ್ವೆ ಮುಷ್ಕರಕ್ಕೆ ಇಳಿದವರನ್ನು ಕೆಲಸದಿಂದ ತೆಗೆಯಬೇಕೋ ಮಾತಾಡಿಸಬೇಕೋ, ಇವೆಲ್ಲ ನಾನು ಪಾರಸಿಕ್ ಸುರಂಗದ ಈಚೆಯೇ ಇತ್ಯರ್ಥ ಮಾಡಿಬಿಡುತ್ತಿದ್ದ ಪ್ರಶ್ನೆಗಳು. ಸುರಂಗದೊಳಗೆ ಗಾಲಿಯ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಆಗಲೂ ನನ್ನ ತೋರುಬೆರಳು ಕತ್ತಲಲ್ಲಿ ಆಡುತ್ತಲೇ ಇರುತ್ತಿತ್ತೆಂದು ಗೆಳೆಯ ಸುವರ್ಣ ಗೇಲಿ ಮಾಡುತ್ತಿದ್ದ.

ಆ ಬೆಂಚಿಗೊಂದು ಕಟ್ಟಳೆ ಇತ್ತು. ಡೊಂಬಿವಲಿಯಲ್ಲೇ ಹತ್ತಿ ಜಾಗ ಹಿಡಿದ ಮೂವರು ನಾವು: ನಾನು, ಬ್ಯಾಂಕಿನ ಶೇಖರ ಸುವರ್ಣ, ನಮ್ಮ ಮಾತಿಗೆಲ್ಲ ಮರಾಠಿಯಲ್ಲಿ ತಲೆದೂಗುವ ಸಾವಂತ್. ದಾರಿಯಲ್ಲಿ ಠಾಣೆ ಸ್ಟೇಷನ್ನು ಬಂದಾಗ ಮೂವರಲ್ಲಿ ಒಬ್ಬ ಎದ್ದು, ಅಲ್ಲಿ ಹತ್ತುವ ಗೆಳೆಯನಿಗೆ ಜಾಗ ಬಿಟ್ಟುಕೊಡಬೇಕು. ಅರ್ಧ ದಾರಿ ಕೂತವನು ಉಳಿದರ್ಧ ನಿಲ್ಲಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಆ ಕಾಲದ ಲೋಕಲುಗಳಲ್ಲಿ ಪ್ರತಿಯೊಂದು ಗುಂಪೂ ಇಂಥದ್ದೊಂದನ್ನು ಪಾಲಿಸುತ್ತಿತ್ತು. ಪಾಲಿಸದವನನ್ನು ಜನ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನನ್ನ ಸರದಿ ಸೋಮವಾರ ಮತ್ತು ಗುರುವಾರ ಬರುತ್ತಿತ್ತು.

ಠಾಣೆಯಲ್ಲಿ ನಾವು ಜಾಗ ಬಿಟ್ಟುಕೊಡುತ್ತಿದ್ದದ್ದು ಈರಣ್ಣ ಹೂಗಾರನಿಗೆ. ಆತನಿಗೆ ನಾನು ಮಾಡಿದ ಅನ್ಯಾಯವನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಆತನನ್ನು ಸ್ವಲ್ಪ ಸರಿಯಾಗಿ ಪರಿಚಯಿಸಬೇಕು. ಬಿಜಾಪುರ ಜಿಲ್ಲೆಯ ಸಿಂದಗಿಯ ಕಡೆಯವನು. ಠಾಣೆಯ ನೌಪಾಡಾದ ಒಂದು ಹಳೆಯ ಚಾಳಿನಲ್ಲಿ ವಾಸ. ಗಿರಗಾಂವಿನ ಅಚ್ಚುಕೂಟವೊಂದರಲ್ಲಿ ಮರಾಠಿ ವಾರಪತ್ರಿಕೆಗೆ ಮೊಳೆ ಜೋಡಿಸುವ ಕೆಲಸ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆಯವರೆಗೆ ಅಕ್ಷರದ ಖಾನೆಗಳ ಮುಂದೆ ನಿಂತು, ಎಡಗೈಯ ಪಟ್ಟಿಯಲ್ಲಿ ಒಂದೊಂದೇ ಸೀಸದ ಮೊಳೆಯನ್ನು ಹಿಂದುಮುಂದಾಗಿ ಕೂರಿಸುತ್ತಾ ಹೋಗಬೇಕು. ಆ ಕೆಲಸ ಕೂತು ಮಾಡುವಂಥದ್ದಲ್ಲ. ಮರಳುವಾಗಲಂತೂ ಜಾಗ ಸಿಗುವ ಮಾತೇ ಇಲ್ಲ. ಮೊದಲ ಸಲ ಸಾಲು ಸರಿಸಿ ಕೂರಿಸಿಕೊಂಡಾಗ ಆತ ಸಂಕೋಚದಿಂದ, "ದಿನಕ್ಕೊಮ್ಮೆ ಕುಂಡ್ರೂದಂದ್ರ ನನಗ ಇದ ನೋಡ್ರಿ, ಠಾಣಾದಿಂದ ಬೋರಿಬಂದರ ತನಕ. ಮನಿಗಿ ಹೋದ ಮ್ಯಾಲ ಮಲಗೂದ," ಎಂದು ನಕ್ಕಿದ್ದ. ಆ ಮುಕ್ಕಾಲು ಗಂಟೆಯಲ್ಲಿ ಆತ ಹೆಚ್ಚು ಮಾತಾಡುತ್ತಿರಲಿಲ್ಲ. ಮಸಿ ಹಿಡಿದ ಬೆರಳುಗಳನ್ನು ಮಡಿಲಲ್ಲಿ ಹೆಣೆದು, ಪಾದಗಳನ್ನು ಚಪ್ಪಲಿಯಿಂದ ಅರ್ಧ ಹೊರಗೆ ತೆಗೆದು, ನನ್ನ ಭಾಷಣ ಕೇಳುತ್ತಿದ್ದ. ನಾನು ಎಲ್ಲರಿಗೂ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವವನೆಂದು ಆತನಿಗೆ ಗೊತ್ತಿತ್ತು: ರೇಷನ್ ಕಾರ್ಡಿಗೆ, ಗ್ಯಾಸಿಗೆ, ಯಾರದೋ ನಿಂತುಹೋದ ಪಿಂಚಣಿಗೆ. ಹಾಗಾಗಿ ಆತನಿಗೆ ನನ್ನ ಮೇಲೆ ಗೌರವವಿತ್ತು. ಆ ಗೌರವ ನನಗೆ ಬಹಳ ಹಿಡಿಸುತ್ತಿತ್ತು.

ಎಪ್ಪತ್ತೈದರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂತು. ಈಗ ನೀವು ಕೇಳಿದರೆ ನಮ್ಮ ತಲೆಮಾರಿನ ಪ್ರತಿಯೊಬ್ಬನೂ ಆಗ ಒಳಗೊಳಗೇ ಕುದಿಯುತ್ತಿದ್ದೆನೆಂದು ಹೇಳುತ್ತಾನೆ. ನಾನು ಕುದಿಯಲಿಲ್ಲ. ನನಗೆ ಸಂತೋಷವಾಯಿತು. ಎಂಟು ಹದಿಮೂರರ ಲೋಕಲ್ ಎಂಟು ಹದಿಮೂರಕ್ಕೇ ಬಂತು. ಹತ್ತಕ್ಕೆ ಕಚೇರಿಯ ಕುರ್ಚಿಗಳಲ್ಲಿ ಜನ ಕಾಣಿಸಿಕೊಂಡರು. ಅಂಗಡಿಯವರು ಬೆಲೆಯ ಹಲಗೆ ತೂಗುಹಾಕಿದರು. ಈ ದೇಶಕ್ಕೆ ಬೇಕಾದದ್ದು ಇದೇ, ಕೈಯಲ್ಲಿ ಕೋಲಿಲ್ಲದೆ ನಮ್ಮ ಜನ ಬಗ್ಗುವವರಲ್ಲ ಎಂದು ನಾನು ಬೆಂಚಿನಿಂದ ಘೋಷಿಸಿದೆ. ಸುವರ್ಣ, "ಮಾರಾಯ್ರೆ, ಟ್ರೇನು ಟೈಮಿಗೆ ಬರ್ತದಲ್ಲ, ನನಗೆ ಅದಕ್ಕಿಂತ ದೊಡ್ಡ ಪ್ರಜಾಪ್ರಭುತ್ವ ಬೇಡ," ಎಂದ. ಡಬ್ಬಿಯೆಲ್ಲ ನಕ್ಕಿತು. ಇಂದು ಯೋಚಿಸಿದರೆ, ನಾನು ಅರುವತ್ತು ಕೋಟಿ ಜನರ ಹಣೆಬರಹವನ್ನು ನನ್ನ ಕೈಗಡಿಯಾರದಲ್ಲಿ ನೋಡಿ ಹೇಳುತ್ತಿದ್ದೆ. ರೈಲು ಸರಿಯಾಗಿ ಬಂದರೆ ದೇಶ ಸರಿಯಾಗಿದೆ. ಅಷ್ಟು ಸಣ್ಣ ಕಿಟಕಿಯಿಂದ ಅಷ್ಟು ದೊಡ್ಡ ನಾಡನ್ನು ನೋಡಿದೆನೆಂಬ ನಾಚಿಕೆ ನನಗೆ ಇವತ್ತಿಗೂ ಇದೆ.

ಕುಟುಂಬ ಯೋಜನೆಯ ಶಿಬಿರಗಳ ಬಗ್ಗೆ ಪಿಸುಮಾತು ಕೇಳಿಬಂದಾಗ ಜನಸಂಖ್ಯೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಜೋಪಡಿಗಳನ್ನು ಕೆಡವುತ್ತಿದ್ದಾರೆಂದಾಗ ನಗರದ ಆರೋಗ್ಯದ ಬಗ್ಗೆ ಮಾತಾಡಿದೆ. ನನ್ನ ಮಾತಿನಲ್ಲಿ ವ್ಯಾಕರಣದೋಷ ಇರುತ್ತಿರಲಿಲ್ಲ. ಕೆಟ್ಟವನೂ ನಾನಲ್ಲ, ಯಾರ ಜೋಪಡಿಯನ್ನಾದರೂ ನನ್ನ ಕಣ್ಣೆದುರು ಕೆಡವಿದ್ದರೆ ಅತ್ತುಬಿಡುತ್ತಿದ್ದೆನೇನೋ. ಆದರೆ 'ನೀತಿ' ಎಂದು ಹೆಸರಿಟ್ಟುಕೊಂಡು ಬಂದ ಯಾವುದರ ಹಿಂದೆಯೂ ನನಗೆ ಮುಖ ಕಾಣುತ್ತಿರಲಿಲ್ಲ, ಪರಿಣಾಮಗಳಷ್ಟೇ ಕಾಣುತ್ತಿದ್ದವು. ಹೀಗೆ ಮಾತಾಡುವವರು ಆ ಡಬ್ಬಿಯಲ್ಲಿ ನಾನೊಬ್ಬನೇ ಇರಲಿಲ್ಲ, ಎಲ್ಲರಿಗಿಂತ ಜೋರಾಗಿ ಮಾತಾಡುವವನು ಮಾತ್ರ ನಾನೇ ಆಗಿದ್ದೆ.

ಎಪ್ಪತ್ತಾರರ ಜನವರಿಯ ಚಳಿಯ ಒಂದು ಬುಧವಾರ. ಠಾಣೆಯ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಜೋಪಡಿಗಳನ್ನು ತೆರವು ಮಾಡಲಾಗಿದೆ, ಆ ಜಾಗದಲ್ಲಿ ಉದ್ಯಾನ ಮಾಡುತ್ತಾರೆಂಬ ನಾಲ್ಕು ಸಾಲಿನ ಸುದ್ದಿ ಪತ್ರಿಕೆಯಲ್ಲಿತ್ತು. ನಾನದನ್ನು ಓದಿ ಹೇಳಿ, ಉದ್ಯಾನದ ಮಹತ್ವ ವಿವರಿಸುತ್ತಿದ್ದೆ. ಆಗ, ಎಂದೂ ನಡುವೆ ಬಾಯಿ ಹಾಕದ ಈರಣ್ಣ ತಲೆಯೆತ್ತಿದ.

"ರಾಯರ, ಅಲ್ಲಿ ನಮ್ಮ ಕಡೀ ಮಂದಿ ಇದ್ರು. ಕಲಬುರ್ಗಿ, ರಾಯಚೂರಿನವ್ರು, ಕಟ್ಟಡದ ಕೆಲಸದವ್ರು. ಲಾರಿ ಬಂದಾಗ ಅಡ್ಡ ನಿಂತವರನ್ನ ಹಿಡಕೊಂಡ ಹೋಗ್ಯಾರ್ರಿ. ಎಲ್ಲಿಗಂತ ಕೇಳಿದ್ರ ಸರಕಾರದವ್ರು ಹೇಳವಲ್ಲರು."

"ಪತ್ರಿಕೆಯಲ್ಲಿ ಹಾಗೇನೂ ಇಲ್ಲವಲ್ಲ," ಎಂದೆ.

"ಪೇಪರಿನ್ಯಾಗ ಇಲ್ಲದ್ದು ಬಾಳ ಐತ್ರಿ. ಜೋಡಸೂದೂ ನಾನ, ಬಿಚ್ಚೂದೂ ನಾನ. ಬಿಚ್ಚಿದ್ದು ನಿಮಗೆಲ್ಲಿ ಕಾಣತೈತಿ?"

ಆತ ಹೇಳಿದ್ದರ ಅರ್ಥ ನನಗೆ ತಿಳಿಯದೆ ಇರಲಿಲ್ಲ. ವಾರಪತ್ರಿಕೆಯ ಪ್ರತಿಯೊಂದು ಪುಟದ ಪ್ರೂಫ್ ಆಗ ಸರಕಾರದ ಪರಿಶೀಲಕರ ಮೇಜಿಗೆ ಹೋಗಿ, ಕೆಂಪು ಗೀಟು ಹೊತ್ತು ಮರಳಿ ಬರುತ್ತಿತ್ತು. ಗೀಟು ಬಿದ್ದಷ್ಟನ್ನು ಈರಣ್ಣ ಚೌಕಟ್ಟಿನಿಂದ ಕಿತ್ತು, ಮೊಳೆಗಳನ್ನು ಮತ್ತೆ ಅವುಗಳ ಖಾನೆಗಳಿಗೆ ಸುರಿಯುತ್ತಿದ್ದ. ಹೀಗಾಗಿ ನಮ್ಮ ಇಡೀ ಡಬ್ಬಿಯಲ್ಲಿ ದೇಶದ ಸ್ಥಿತಿ ನಿಜವಾಗಿ ಗೊತ್ತಿದ್ದವನು ಯಾರಾದರೂ ಇದ್ದರೆ ಅದು ಅವನೇ. ಆದರೆ ಎಲ್ಲರೆದುರು, ನಾನು ಜಾಗ ಕೊಟ್ಟು ಕೂರಿಸಿಕೊಂಡವನು, ನನಗೆ ಪಾಠ ಹೇಳುವುದೆಂದರೇನು? ನನಗೆ ಸಿಟ್ಟು ಬಂತು. "ಅಚ್ಚಿನಲ್ಲಿ ಇದ್ದರೆ ತೋರಿಸಿ, ಒಪ್ಪುತ್ತೇನೆ. ಬಾಯಿಮಾತಿಗೆಲ್ಲ ದೇಶ ನಡೆಯುವುದಿಲ್ಲ," ಎಂದೆ. ಆತ ತಲೆ ತಗ್ಗಿಸಿ ಮಸಿಬೆರಳುಗಳನ್ನು ಮತ್ತೆ ಹೆಣೆದುಕೊಂಡ. ಗೆದ್ದೆನೆಂದುಕೊಂಡು ನಾನು ಪತ್ರಿಕೆಯನ್ನು ಮಗುಚಿದೆ.

ಮರುದಿನ ಗುರುವಾರ, ನನ್ನ ಸರದಿ. ಠಾಣೆಯಲ್ಲಿ ಎದ್ದು ಈರಣ್ಣನನ್ನು ಕಿಟಕಿಯ ಪಕ್ಕದ ನನ್ನ ಜಾಗದಲ್ಲಿ ಕೂರಿಸಿ, ಮೇಲಿನ ಹಿಡಿಕೆ ಹಿಡಿದು ನಿಂತೆ. ಮುಲುಂಡ್ ದಾಟಿದ ಮೇಲೆ ಆತ ಊಟದ ಡಬ್ಬಿಯ ಚೀಲದ ತಳದಿಂದ ಒಂದು ಉದ್ದನೆಯ ಕಾಗದ ತೆಗೆದ. ಎಂಟು ಮಡಿಕೆ. ಮೇಲಿನ ಮಡಿಕೆಯಲ್ಲೇ ಕೆಂಪು ಗೀಟು ಕಾಣುತ್ತಿತ್ತು. ಅದನ್ನು ನನ್ನ ಕೈಗಿಟ್ಟು, ದನಿ ತಗ್ಗಿಸಿ, "ರಾಯರ, ಇದನ್ನೊಮ್ಮೆ ಓದ್ರಿ. ಓದಿದ ಮ್ಯಾಲ ನಿಮ್ಮ ಕಡೆ ಒಂದ ಮಾತ ಐತಿ," ಎಂದ.

ಆ ಕ್ಷಣದಲ್ಲಿ ನನಗೆ ಎರಡು ಸಂಗತಿಗಳು ಒಟ್ಟಿಗೆ ಆದವು. ಒಂದು, ನಿನ್ನೆಯ ವಾದವನ್ನು ಇವನು ಬಿಟ್ಟಿಲ್ಲ, ನನ್ನನ್ನು ಎಲ್ಲರೆದುರು ಸೋಲಿಸಲು ಬಂದಿದ್ದಾನೆ ಎನ್ನಿಸಿತು. ಇನ್ನೊಂದು, ಹೆದರಿಕೆ. ಸರಕಾರಿ ನೌಕರ ನಾನು. ನಿಷೇಧವಾದ ಕಾಗದ ನನ್ನ ಕೈಯಲ್ಲಿ. ಸುತ್ತ ಯಾರ್ಯಾರೋ ನಿಂತಿದ್ದಾರೆ. ಮಡಿಕೆ ಬಿಚ್ಚಲಿಲ್ಲ. ಮುದ್ದೆ ಮಾಡಿ, ಈರಣ್ಣನ ತಲೆಯ ಮೇಲಿಂದ ಬಾಗಿ, ಕಿಟಕಿಯ ಸರಳುಗಳ ನಡುವಿನಿಂದ ಹೊರಗೆ ಎಸೆದೆ. "ನಿಮ್ಮ ಜೊತೆಗೆ ನಮ್ಮನ್ನೂ ಒಳಗೆ ಹಾಕಿಸಬೇಕೆಂದಿದ್ದೀರಾ," ಎಂದು ಗದರಿಸಿದೆ. ಈರಣ್ಣ ಎದ್ದು ಕಿಟಕಿಗೆ ಕೆನ್ನೆ ಒತ್ತಿ ಹಿಂದಕ್ಕೆ ನೋಡಿದ. ಗಾಡಿ ಓಡುತ್ತಿತ್ತು. ಆಮೇಲೆ ಕೂತುಕೊಂಡ. ಬೋರಿಬಂದರಿನಲ್ಲಿ ಡಬ್ಬಿಯ ಚೀಲ ಎತ್ತಿಕೊಂಡು ಇಳಿದುಹೋದ.

ಆ ಕಾಗದದಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ನಿಮ್ಮನ್ನು ಅಷ್ಟು ಕಾಯಿಸುವುದಿಲ್ಲ. ಖಾಡಿಯ ಪಕ್ಕದಿಂದ ಹಿಡಿದೊಯ್ದವರ ಹೆಸರುಗಳ ಪಟ್ಟಿ ಅದು, ಅವರನ್ನು ಯಾವ ಊರಿನ ಜೈಲಿಗೆ ಸಾಗಿಸಿದ್ದಾರೆಂಬ ವಿವರದೊಂದಿಗೆ. ಅದರಲ್ಲೊಂದು ಹೆಸರು ಮಹಾದೇವ ಹೂಗಾರ, ಈರಣ್ಣನ ತಮ್ಮ. ಕಟ್ಟಡದ ಕೂಲಿ. ಆ ಪಟ್ಟಿಯನ್ನು ಜೋಡಿಸುವಾಗ ತಮ್ಮನ ಹೆಸರಿನ ಮೊಳೆಗಳನ್ನು ಈರಣ್ಣನೇ ಆರಿಸಿ ಕೂರಿಸಿದ್ದ. ಕೆಂಪು ಗೀಟು ಬಿದ್ದ ಮೇಲೆ ಅವನೇ ಅವನ್ನು ಬಿಚ್ಚಿ ಖಾನೆಗೆ ಸುರಿದಿದ್ದ. ಬಿಚ್ಚುವ ಮೊದಲು ಕದ್ದು ಒಂದು ಪ್ರತಿ ಉಳಿಸಿಕೊಂಡಿದ್ದ. ಜೈಲಿನವರು ಅಂಥವನು ಇಲ್ಲಿಲ್ಲ ಎನ್ನುತ್ತಿದ್ದರು. ಕಾಗದದಲ್ಲಿ ಏನಾದರೂ ಇದ್ದರೆ ತಾ, ಅರ್ಜಿ ಹಾಕಬಹುದು ಎಂದು ಒಬ್ಬ ವಕೀಲ ಹೇಳಿದ್ದ. ಮಹಾದೇವನ ಹೆಂಡತಿ ಆರು ತಿಂಗಳ ಹೆಣ್ಣುಕೂಸಿನೊಂದಿಗೆ ಈರಣ್ಣನ ಒಂದೇ ಕೋಣೆಯಲ್ಲಿದ್ದಳು. ನನಗೆ ತಂದು ಕೊಟ್ಟದ್ದು ವಾದಕ್ಕಲ್ಲ. ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಲು ಆತ ತಂದಿದ್ದ. ಯಾರ್ಯಾರ ಗ್ಯಾಸಿಗೋ ಬರೆದುಕೊಟ್ಟವನು ನಾನು, ಅರ್ಧ ಗಂಟೆಯ ಕೆಲಸ.

ಆ ಸಂಜೆ ಮನೆಯಲ್ಲಿ ನನ್ನ ಜಾಣತನವನ್ನು ಸುಮತಿಗೆ ಬಣ್ಣಿಸಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು.

"ಏನಿತ್ತು ಅದರಲ್ಲಿ?" ಎಂದು ಕೇಳಿದಳು.

"ಯಾರಿಗೆ ಗೊತ್ತು. ನಾನು ಓದಲಿಲ್ಲ."

"ಓದದೇ ಬಿಸಾಡಿದ್ರಾ? ನೀವು?" ಎಂದಳು. ಶೇಂಗಾ ಕಟ್ಟಿದ ಕಾಗದದ ಚೂರನ್ನೂ ಬಿಡದೆ ಓದುವವನು ನಾನೆಂದು ಅವಳಿಗೆ ಗೊತ್ತಿತ್ತು. ಅವಳು ತುರಿಯುವುದನ್ನು ಮುಂದುವರಿಸಿದಳು.

ಕಾಗದ ಎಸೆದದ್ದಕ್ಕೆ ಹೆದರಿಕೆಯ ನೆಪವಾದರೂ ಇದೆ. ಅದರ ಮರುದಿನ ಮಾಡಿದ್ದಕ್ಕೆ ನನಗೆ ಯಾವ ನೆಪವೂ ಇಲ್ಲ. ಶುಕ್ರವಾರ ಸುವರ್ಣನ ಸರದಿ. ಠಾಣೆ ಬಂತು. ಈರಣ್ಣ ಎಂದಿನಂತೆ ಬಾಗಿಲಿನ ಗದ್ದಲವನ್ನು ಸೀಳಿಕೊಂಡು ನಮ್ಮ ಬೆಂಚಿನವರೆಗೆ ಬಂದ. ಸುವರ್ಣ ಏಳಲು ಹೊರಟ. ನಾನು ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದೆ. ಸುವರ್ಣ ನನ್ನ ಮುಖ ನೋಡಿದ, ಈರಣ್ಣನ ಮುಖ ನೋಡಿದ, ಆಮೇಲೆ ಕಿಟಕಿಯ ಹೊರಗೆ ನೋಡತೊಡಗಿದ. ಸಾವಂತ್ ಕಣ್ಣು ಮುಚ್ಚಿಕೊಂಡ. ಈರಣ್ಣ ನಮ್ಮ ಎದುರಿಗೇ ಹಿಡಿಕೆ ಹಿಡಿದು ನಿಂತ. ಶನಿವಾರವೂ ನಿಂತ, ಸೋಮವಾರವೂ ನಿಂತ. ಸೋಮವಾರ ನನ್ನದೇ ಸರದಿ. ನಾನು ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದೆ. ಅದರ ಅಡಿಯಿಂದ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಆತನ ಪಾದಗಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದವು. ಒಂದು ವಾರದ ಮೇಲೆ ಆತ ನಮ್ಮ ಡಬ್ಬಿಗೆ ಬರುವುದನ್ನು ನಿಲ್ಲಿಸಿದ. ದಿನವಿಡೀ ನಿಂತು ದುಡಿಯುವವನಿಗೆ ಸಿಗುತ್ತಿದ್ದ ಒಂದೇ ಒಂದು ಜಾಗವನ್ನು, ನನ್ನ ಅಭಿಪ್ರಾಯವನ್ನು ಒಪ್ಪಲಿಲ್ಲವೆಂಬ ಕಾರಣಕ್ಕೆ ನಾನು ಕಿತ್ತುಕೊಂಡೆ. ದೆಹಲಿಯಲ್ಲಿ ಕೂತವರು ದೊಡ್ಡದಾಗಿ ಮಾಡಿದ್ದನ್ನು ನಾನು ಬೆಂಚಿನಳತೆಗೆ ಮಾಡಿದ್ದೆ.

ಎಪ್ಪತ್ತೇಳರ ಮಾರ್ಚಿನಲ್ಲಿ ಚುನಾವಣೆಯಾಗಿ ಎಲ್ಲ ತಲೆಕೆಳಗಾಯಿತು. ಜೊತೆಗೆ ನಾನೂ ಆದೆ, ನನ್ನಷ್ಟು ವೇಗವಾಗಿ ಮಗ್ಗುಲು ಬದಲಿಸಿದವರನ್ನು ನಾನು ಕಂಡಿಲ್ಲ. ಅದೇ ಬೆಂಚು, ಅದೇ ತೋರುಬೆರಳು, ಅದೇ ಶುದ್ಧವಾದ ವಾಕ್ಯಗಳು. ಸ್ವಾತಂತ್ರ್ಯದ ಬೆಲೆ ಏನೆಂದು ಈಗ ನಾನು ಜನರಿಗೆ ತಿಳಿಸಿಹೇಳುತ್ತಿದ್ದೆ. "ರಾಯರು ಮೊದಲಿಂದಲೂ ಹೀಗೇ ಹೇಳ್ತಾ ಇದ್ದದ್ದು ಮಾರಾಯ್ರೆ, ನಮಗೇ ಕೇಳಿಸಿದ್ದು ತಪ್ಪು," ಎಂದ ಸುವರ್ಣ. ಡಬ್ಬಿ ನಕ್ಕಿತು, ನಾನೂ ನಕ್ಕೆ. ನಾಲ್ಕಾರು ದಿನ ಕಳೆದಿರಬೇಕು, ಈರಣ್ಣನ ಆ ವಾರಪತ್ರಿಕೆ, ಮೊದಲು ಕತ್ತರಿಸಿಹೋದದ್ದನ್ನೆಲ್ಲ ಸೇರಿಸಿ ಒಂದು ವಿಶೇಷ ಸಂಚಿಕೆ ತಂದಿತು. ಸ್ಟೇಷನ್ನಿನ ಅಂಗಡಿಯಲ್ಲಿ ಕೊಂಡು ಮನೆಗೆ ತಂದೆ. ಮೂರನೆಯ ಪುಟದಲ್ಲಿ ಖಾಡಿಯ ಪಟ್ಟಿ ಇತ್ತು. ಹೂಗಾರ ಎಂಬ ಅಡ್ಡಹೆಸರನ್ನು ಎರಡು ಸಲ ಓದಿದೆ. ಪಟ್ಟಿಯ ಮೊಳೆ ಜೋಡಿಸಿದವನೇ ಆ ಮಹಾದೇವನ ಅಣ್ಣನೆಂಬುದನ್ನೂ, ಆತ ಕದ್ದಿಟ್ಟ ಪ್ರತಿ ಹಿಡಿದು ಒಂದು ಅರ್ಜಿಗಾಗಿ ಅಲೆದದ್ದನ್ನೂ ಪತ್ರಿಕೆ ಕೆಳಗೆ ಬರೆದಿತ್ತು. ಪುಟವನ್ನು ಸುಮತಿಯ ಮುಂದೆ ಸರಿಸಿದೆ. ಅವಳು ನಿಧಾನವಾಗಿ ಮರಾಠಿ ಅಕ್ಷರಗಳನ್ನು ಕೂಡಿಸಿ ಓದಿ, ಪುಟವನ್ನು ಮಡಿಚಿಟ್ಟು ಒಳಗೆ ಹೋದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದೇ ನೌಪಾಡಾಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಜೈಲುಗಳ ಬಾಗಿಲು ತೆರೆದಿದೆ, ತಮ್ಮ ಬಂದಿರುತ್ತಾನೆ, ಇನ್ನು ನಾನು ಹೋಗಿ ಮಾಡುವುದೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕ್ಷಮೆ ಕೇಳಲು ತಡಮಾಡಿದಷ್ಟೂ ಕ್ಷಮೆಯ ಜೊತೆಗೆ ತಡಮಾಡಿದ್ದಕ್ಕೂ ಕ್ಷಮೆ ಕೇಳಬೇಕಾಗುತ್ತದೆ; ಅದು ಬೆಳೆಯುತ್ತಲೇ ಹೋಗುತ್ತದೆ. ಒಂದೂವರೆ ವರ್ಷದ ಮೇಲೆ ಧೈರ್ಯ ಮಾಡಿ ಹೋದಾಗ ಆ ಚಾಳಿನ ಕೋಣೆಯಲ್ಲಿ ಬೇರೆ ಸಂಸಾರವಿತ್ತು. ಅಂಬರನಾಥದ ಕಡೆ ಹೋದರೆಂದು ಯಾರೋ ಅಂದರು. ಆಮೇಲೆ ದೆಹಲಿಯ ಸರಕಾರ ಬಿತ್ತು, ಮತ್ತೊಂದು ಬಂತು, ಹಳಬರೇ ಮರಳಿದರು, ಗಿರಣಿಗಳ ಮುಷ್ಕರವಾಯಿತು, ಖಾಡಿಯ ಆಚೆ ಹೊಸ ಮುಂಬಯಿ ಕಟ್ಟುವುದಕ್ಕೆ ಗದ್ದೆಗಳನ್ನು ತೆಗೆದುಕೊಂಡರು. ಎಲ್ಲದರ ಬಗ್ಗೆಯೂ ನನ್ನಲ್ಲಿ ಅಭಿಪ್ರಾಯವಿತ್ತು, ಆದರೆ ಹೇಳಲು ಬಾಯಿ ತೆರೆದಾಗಲೆಲ್ಲ ಮಡಿಚಿದ ಕಾಗದ ನೆನಪಾಗಿ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು. ರಾಯರಿಗೆ ವಯಸ್ಸಾಯಿತೆಂದು ಸುವರ್ಣ ತೀರ್ಮಾನಿಸಿದ. ಕೆಲಕಾಲದಲ್ಲಿ ನನಗೆ ಕಲ್ಯಾಣದ ಕಚೇರಿಗೆ ವರ್ಗವಾಗಿ, ಎಂಟು ಹದಿಮೂರರ ಬೆಂಚೂ ಬಿಟ್ಟುಹೋಯಿತು.

ಎಂಬತ್ತನಾಲ್ಕರ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಗೆ ನನ್ನನ್ನು ಮತಗಟ್ಟೆಯ ಕೆಲಸಕ್ಕೆ ಹಾಕಿದರು. ಅಂಬರನಾಥದ ಒಂದು ಶಾಲೆ. ಮತದಾರ ಬಂದಾಗ ಪಟ್ಟಿಯಲ್ಲಿ ಆತನ ಹೆಸರು ಹುಡುಕಿ, ಕ್ರಮಸಂಖ್ಯೆಯನ್ನೂ ಹೆಸರನ್ನೂ ಗೋಡೆಯ ಬದಿಗೆ ಕೂತ ಪಕ್ಷದ ಏಜೆಂಟರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದುವುದು ನನ್ನ ಕೆಲಸ. ಪಕ್ಕದವನು ಬೆರಳಿಗೆ ಶಾಯಿ ಹಚ್ಚುತ್ತಾನೆ. ಅಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವಂತಿಲ್ಲ, ನಾನು ಯಾರ ಅಭಿಪ್ರಾಯವನ್ನೂ ಕೇಳುವಂತಿಲ್ಲ. ಬಂದವರೊಡನೆ ನಾನು ಕೇಳಬಹುದಾದದ್ದು ಹೆಸರೊಂದನ್ನೇ. ಆ ಗುರುವಾರ ರೈಲಿನಲ್ಲಿಯೂ ಅಷ್ಟನ್ನೇ ಕೇಳಿದ್ದರೆ ಸಾಕಾಗಿತ್ತೆಂದು ಅಲ್ಲಿ ಕೂತಾಗ ಹೊಳೆಯಿತು.

ಹನ್ನೊಂದರ ಹೊತ್ತಿಗೆ ಈರಣ್ಣ ನನ್ನ ಮೇಜಿನ ಮುಂದೆ ನಿಂತಿದ್ದ. ಕೂದಲು ನೆರೆತಿತ್ತು, ಬೆರಳುಗಳಲ್ಲಿ ಮಸಿ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದೆವು. "ಹೂಗಾರ ಈರಣ್ಣ," ಎಂದು ಓದಿದೆ. ಪಟ್ಟಿಯಲ್ಲಿ ಅದರ ಕೆಳಗಿನ ಸಾಲಿನಲ್ಲೇ ಹೂಗಾರ ಮಹಾದೇವ ಎಂದಿತ್ತು. ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಈರಣ್ಣ ನೋಡಿದ. ಮತ ಹಾಕಿ ಹೊರಗೆ ಹೋದ. ನಾನು ಪಕ್ಕದವನಿಗೆ ಪಟ್ಟಿ ಒಪ್ಪಿಸಿ, ನೀರು ಕುಡಿದು ಬರುವೆನೆಂದು ಹಿಂದೆಯೇ ಹೋದೆ. ಹೆಂಡತಿ ಹೆಂಗಸರ ಸಾಲಿನಲ್ಲಿದ್ದಳು, ಅವಳಿಗಾಗಿ ಆತ ನಲ್ಲಿಯ ಹತ್ತಿರ ಕಾಯುತ್ತಿದ್ದ. ಎಂಟು ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ತಪ್ಪಾಯಿತು ಈರಣ್ಣ. ನಿಮ್ಮ ತಮ್ಮನ ಹೆಸರಿತ್ತೆಂದು ನನಗೆ ಗೊತ್ತಿರಲಿಲ್ಲ," ಎಂದೆ.

"ಗೊತ್ತಾಗ್ಲಿ ಅಂತನ ಕೊಟ್ಟಿದ್ದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆವತ್ತ ನೀವು ಓದಿ ಒಗದಿದ್ರ ನನಗೇನೂ ಅನಸ್ತಿದ್ದಿಲ್ರಿ ರಾಯರ. ಅಂಜಿಕಿ ಎಲ್ಲಾರಿಗೂ ಇತ್ತು. ನನಗೂ ಇತ್ತು. ಆದ್ರ ಡಬ್ಬಿ ತುಂಬಾ ಓದಾವ್ರು ನೀವೊಬ್ರ ಇದ್ರಿ. ಓದಾವ್ರ ಅಂತ ನಿಮ್ಮ ಕೈಯಾಗ ಕೊಟ್ಟೆ."

ಮಹಾದೇವ ಹೇಗಿದ್ದಾನೆಂದು ಕೇಳಿದೆ. ಎಪ್ಪತ್ತೇಳರ ಚುನಾವಣೆಯ ಮೊದಲೇ ಬಿಡುಗಡೆಯಾಗಿ ಬಂದನಂತೆ. ಮಗಳು ಅಷ್ಟರಲ್ಲಿ ನಡೆಯಲು ಕಲಿತಿದ್ದಳು, ತಿಂಗಳುಗಟ್ಟಲೆ ಅವನ ಹತ್ತಿರ ಹೋಗಲಿಲ್ಲ. ಈಗ ಇಲ್ಲಿಯೇ ಕಾರ್ಖಾನೆಯಲ್ಲಿದ್ದಾನೆ. ಅರ್ಜಿ ಬರೆದಿದ್ದರೆ ಬೇಗ ಬಿಡುತ್ತಿದ್ದರೇ ಎಂದು ನಾನು ಕೇಳಿದೆ. ಈರಣ್ಣ ಹೆಂಗಸರ ಸಾಲಿನ ಕಡೆ ನೋಡಿದ. "ಯಾರಿಗ್ಗೊತ್ತು. ಬಿಡತಿದ್ದಿಲ್ಲೇನೋ. ಆದ್ರ ಅಲ್ಲಿ ಅಂವನ ಹೆಸರ ಹಿಡದ ಯಾರರೆ ಕೇಳ್ಯಾರ ಅಂತ ಅಂವಗ ಗೊತ್ತಾಗತಿತ್ತು. ಯಾರೂ ಕೇಳ್ಲಿಲ್ಲ ಅಂತ ಈಗೂ ಒಮ್ಮೊಮ್ಮೆ ಅಂತಾನ್ರಿ," ಎಂದ. ಹೆಂಡತಿ ಬಂದಳು. "ತಮ್ಮ ಪಾಳಿ ಮುಗಸಿ ಮಧ್ಯಾಹ್ನ ಬರ್ತಾನ, ಓಟಿಗಿ," ಎಂದು ಹೇಳಿ ಹೊರಟ.

ಮಧ್ಯಾಹ್ನವಿಡೀ ನಾನು ಬಾಗಿಲನ್ನೇ ನೋಡುತ್ತಿದ್ದೆ. ಎಷ್ಟೋ ಹೆಸರು ಓದಿದೆ, ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಾಲ್ಕರ ಸುಮಾರಿಗೆ ಕಾರ್ಖಾನೆಯ ಖಾಕಿ ಅಂಗಿಯ ಒಬ್ಬ ತೆಳ್ಳನೆಯ ಮನುಷ್ಯ ಮೇಜಿನ ಮುಂದೆ ಬಂದು ಚೀಟಿ ಇಟ್ಟ. ಮುಖ ಅಣ್ಣನದೇ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಬೆರಳಿಟ್ಟೆ, ಹುಡುಕುವ ಅಗತ್ಯವಿರಲಿಲ್ಲ. ಹೆಸರನ್ನು ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಓದಿದೆ.

"ಜೋರಾತ್ ವಾಚಾ ಸಾಹೇಬ, ಐಕೂ ಯೇತ್ ನಾಹೀ," ಎಂದ ಗೋಡೆಯ ಬದಿಯ ಏಜೆಂಟ್, ಗಟ್ಟಿಯಾಗಿ ಓದಿ, ಕೇಳಿಸುತ್ತಿಲ್ಲ ಎಂದು.

ನಾನು ಕುರ್ಚಿಯಿಂದ ಎದ್ದು ನಿಂತೆ. ಮತಗಟ್ಟೆಯ ಅಧಿಕಾರಿ ಏನೆಂದು ಕತ್ತೆತ್ತಿ ನೋಡಿದರು. "ಹೂಗಾರ ಮಹಾದೇವ," ಎಂದು ಓದಿದೆ. ಕೋಣೆಯಾಚೆ ಸಾಲಿನಲ್ಲಿ ನಿಂತವರೂ ತಿರುಗುವಷ್ಟು ಜೋರಾಗಿ. ಮಹಾದೇವ ನನ್ನನ್ನು ವಿಚಿತ್ರವಾಗಿ ನೋಡಿ, "ಇಲ್ಲೇ ಅದೀನ್ರಿ," ಎಂದು ಬೆರಳು ಮುಂದೆ ಚಾಚಿದ.